ಮುಂದೆ ಹೋದವರ ಸ್ಕೀ ಗೆರೆ ಇದ್ದರೆ ಆ ಇಳಿಜಾರು ಸುರಕ್ಷಿತವೇ?

ಪ್ರಶ್ನೆ: ನಾವು ಇಳಿಯಬೇಕೆಂದಿರುವ ಇಳಿಜಾರಿನಲ್ಲಿ ಬೆಳಿಗ್ಗೆಯೇ ಮೂವರು ಇಳಿದ ಸ್ಕೀ ಗೆರೆಗಳಿವೆ. ಹಿಮ ಎಲ್ಲೂ ಜಾರಿಲ್ಲ. ನಾವು ನಾಲ್ವರೂ ಅಲ್ಲೇ ಇಳಿಯಬಹುದಲ್ಲವೇ?

ಉತ್ತರ: ಗೆರೆಗಳನ್ನು ನಂಬಿ ಇಳಿಯಬೇಡಿ. ಆ ಮೂವರು ಆ ಹೊತ್ತಿನಲ್ಲಿ ಹಾದ ಜಾಗದಲ್ಲಿ ಹಿಮ ಒಡೆಯಲಿಲ್ಲ ಎಂಬುದಷ್ಟೇ ಅವುಗಳಿಂದ ತಿಳಿಯುತ್ತದೆ.

ಜೀವ ತೆಗೆಯುವ ಹಿಮಕುಸಿತಗಳಲ್ಲಿ ಹೆಚ್ಚಿನವು ಸ್ಲ್ಯಾಬ್ ಬಗೆಯವು. ಮೇಲೆ ಒತ್ತಾಗಿ ಕೂಡಿಕೊಂಡ ಹಿಮದ ಹಲಗೆ, ಅದರಡಿ ದುರ್ಬಲವಾದ ತೆಳು ಪದರ. ಈ ಪದರ ಅನೇಕ ಸಲ ಹರಳು ಸಕ್ಕರೆಯಂತಿರುತ್ತದೆ: ಮುಷ್ಟಿಯಲ್ಲಿ ಹಿಸುಕಿದರೂ ಉಂಡೆ ಕಟ್ಟದೆ ಬೆರಳ ಸಂದಿಯಿಂದ ಉದುರಿಹೋಗುತ್ತದೆ. ಹಲಗೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಒಂದು ಮೀಟರಿಗಿಂತ ದಪ್ಪವಿರುವಲ್ಲಿ ಮನುಷ್ಯನ ಭಾರ ಕೆಳಗಿನ ಪದರಕ್ಕೆ ತಟ್ಟುವುದೇ ಕಡಿಮೆ, ಮೂವರೂ ಆರಾಮವಾಗಿ ಇಳಿದಿರುತ್ತಾರೆ. ನಾಲ್ಕನೆಯವರು ಬಂಡೆಯೊಂದರ ಪಕ್ಕ, ಹಲಗೆ 40 ಸೆಂ.ಮೀ. ಇರುವಲ್ಲಿ ತಿರುಗಿದರೆ ಪದರ ಕುಸಿಯುತ್ತದೆ. ಬಿರುಕು ಅಲ್ಲಿಗೇ ನಿಲ್ಲದೆ ದಪ್ಪ ಭಾಗದಡಿಗೂ ಓಡಿ ಇಡೀ ಇಳಿಜಾರನ್ನು, ಹಳೆಯ ಗೆರೆಗಳ ಸಮೇತ, ಕೆಳಗಿಳಿಸುತ್ತದೆ.

ಹೊತ್ತೂ ಬದಲಾಗಿರುತ್ತದೆ. ಬಿಸಿಲೇರಿ ಹಿಮ ಒದ್ದೆಯಾಗಿರಬಹುದು. ಗಾಳಿ ಎದ್ದಿದ್ದರೆ ಇನ್ನೂ ಕಷ್ಟ: ಆಕಾಶದಿಂದ ಬೀಳುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಅದು ಗಾಳಿಮರೆಯ ಬದಿಗೆ ಹಿಮ ತಂದು ಪೇರಿಸುತ್ತದೆ.

ಹಾಗಾದರೆ ನೋಡಬೇಕಾದ್ದೇನು? ಅಕ್ಕಪಕ್ಕದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿದ ಇಳಿಜಾರುಗಳಲ್ಲಿ ಹೊಸ ಕುಸಿತವಿದೆಯೇ? ನಡೆಯುವಾಗ ಕಾಲಡಿಯಲ್ಲಿ ‘ಧಪ್’ ಎಂದು ಹಿಮ ಕುಗ್ಗಿತೇ? ಸ್ಕೀ ತುದಿಯಿಂದ ಬಿರುಕು ಸರ್ರನೆ ಓಡಿತೇ? ಮೂರರಲ್ಲಿ ಒಂದು ಕಂಡರೂ ಕಡಿದಾದ ಇಳಿಜಾರಿನ ಆಸೆ ಬಿಡಿ. ಇನ್ನು ಗುಂಡಿ ತೋಡಿ ಮಾಡುವ ಪರೀಕ್ಷೆ: ಇಳಿಜಾರಿಗೆ ಅಡ್ಡವಾಗಿ 90 ಸೆಂ.ಮೀ., ಮೇಲ್ಮುಖವಾಗಿ 30 ಸೆಂ.ಮೀ. ಇರುವ ಹಿಮದ ಕಂಬ ಕತ್ತರಿಸಿ, ಒಂದು ತುದಿಯಲ್ಲಿ ಸಲಿಕೆಯ ಅಲಗಿಟ್ಟು, ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು. ಬಿರುಕು ಕಂಬದ ಇನ್ನೊಂದು ತುದಿಯವರೆಗೂ ಓಡಿದರೆ ಹಿಂದಿರುಗಿ. ಓಡದಿದ್ದರೆ? ಅದನ್ನು ಒಪ್ಪಿಗೆ ಎಂದು ಓದಬಾರದು. ಹತ್ತು ಹೆಜ್ಜೆ ಆಚೆ ಫಲಿತಾಂಶ ಬೇರೆಯಾದೀತು.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ನೆಚ್ಚಬಹುದಾದದ್ದು ಕೋನ. ಹಿಮ ಎಷ್ಟೇ ಮೋಸ ಮಾಡಲಿ, ಕೋನ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗದು. ಸ್ಲ್ಯಾಬ್ ಕುಸಿತಗಳು ಬಹುತೇಕ 30ರಿಂದ 45 ಡಿಗ್ರಿಯ ನಡುವೆಯೇ ಆಗುತ್ತವೆ. ಮಾಪಕವಿಲ್ಲದಿದ್ದರೆ ಒಂದೇ ಉದ್ದದ ಎರಡು ಸ್ಕೀ ಕೋಲು ಸಾಕು. ಒಂದನ್ನು ಇಳಿಜಾರಿನ ನೇರಕ್ಕೆ ಮಲಗಿಸಿ ಒತ್ತಿ ಗುರುತು ಮಾಡಿ. ಮೇಲಿನ ತುದಿಯನ್ನು ಅಲ್ಲೇ ಇಟ್ಟು ಕೆಳತುದಿಯನ್ನು ಎತ್ತಿ, ಅದರಿಂದ ಎರಡನೇ ಕೋಲನ್ನು ತೂಗುಗುಂಡಿನಂತೆ ಇಳಿಬಿಡಿ. ಅದು ಗುರುತಿನ ಕೆಳತುದಿಗೇ ಮುಟ್ಟಿದರೆ 30 ಡಿಗ್ರಿ. ಅದಕ್ಕಿಂತ ಕೆಳಗೆ ಮುಟ್ಟಿದರೆ ಹೆಚ್ಚು ಕಡಿದು, 120 ಸೆಂ.ಮೀ. ಕೋಲಿನಲ್ಲಿ ಪ್ರತಿ 10 ಸೆಂ.ಮೀ.ಗೆ ಸುಮಾರು 3 ಡಿಗ್ರಿ. ಅಳೆಯುವುದನ್ನೂ ಇಳಿಜಾರಿನ ನಡುವೆ ನಿಂತಲ್ಲ, ಅಂಚಿನ ಸಣ್ಣ ಏರಿನಲ್ಲಿ ಮಾಡಿ. ನೀವು ನಿಂತ ಜಾಗ 25 ಡಿಗ್ರಿ ಇದ್ದರೂ ಮೇಲಿನ ಏರು 35 ಇದ್ದರೆ, ಕೆಳಗಿನಿಂದಲೇ ಅದನ್ನು ಕೆದಕಿ ಬೀಳಿಸಿಕೊಳ್ಳಬಹುದು.

ಎಲ್ಲ ನೋಡಿದ ಮೇಲೂ ಇಳಿಯುವುದೆಂದಾದರೆ ಒಬ್ಬೊಬ್ಬರಾಗಿ ಇಳಿಯಿರಿ. ಉಳಿದ ಮೂವರು ಇಳಿಯುವವರ ಮೇಲೆ ಕಣ್ಣಿಟ್ಟಿರಲಿ. ಇಳಿದವರು ಬುಡದಲ್ಲಿ ಕಾಯದೆ, ಕುಸಿತ ತಲುಪದ ಬದಿಯ ದಿಬ್ಬಕ್ಕೆ ಸರಿಯಲಿ. ಬುಡದಲ್ಲಿ ಕೊರಕಲು ಇದ್ದರೆ ಸಣ್ಣ ಕುಸಿತವೂ ಆಳವಾಗಿ ಹೂತುಬಿಡುತ್ತದೆ. ಅಂಥಲ್ಲಿ ಗೆರೆ ಮೂರಲ್ಲ, ಮೂವತ್ತಿದ್ದರೂ ಇಳಿಯಬೇಡಿ.