ಜಾಗ ಆಮೇಲೆ ನೋಡೋಣ, ಮೊದಲು ತಾರೀಖು ಹೇಳಿ

ಬೇಸಿಗೆ ರಜೆ ಹತ್ತಿರ ಬಂದರೆ ನಮ್ಮ ಟ್ರಾವೆಲ್ಸ್ ಆಫೀಸಿಗೆ ಬರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ. "ನಾಲ್ಕು ಜನ ಇದೀವಿ ಸಾರ್, ಬಜೆಟ್ ಜಾಸ್ತಿ ಇಲ್ಲ, ಒಂದೊಳ್ಳೆ ಜಾಗ ಹೇಳಿ." ಯಾವಾಗ ಹೊರಡ್ತೀರಿ ಅಂತ ಕೇಳಿದರೆ, "ಶುಕ್ರವಾರ ರಾತ್ರಿ ಹೊರಟು ಭಾನುವಾರ ವಾಪಸ್." ಖರ್ಚು ಏರುವುದು ಅಲ್ಲೇ. ಮಕ್ಕಳಿಗೆ ರಜೆ ಇರುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಆದರೂ ಎಲ್ಲರೂ ಅದೇ ಶನಿವಾರ ಭಾನುವಾರಕ್ಕೇ ಮುಗಿಬೀಳುತ್ತಾರೆ. ಮೇ ತಿಂಗಳಲ್ಲಿ ಇದರ ಜೊತೆಗೆ ಮದುವೆ ಮುಹೂರ್ತಗಳೂ ಸೇರಿಕೊಂಡರೆ ಖಾಸಗಿ ಸ್ಲೀಪರ್ ಬಸ್ಸಿನ ದರ ಕೇಳುವುದೇ ಬೇಡ. ಆಫೀಸಿಗೆ ರಜೆ ಹಾಕಿ ಸೋಮವಾರ ಹೊರಟು ಗುರುವಾರ ಬನ್ನಿ. ಅದೇ ರೂಮು ಕಡಿಮೆಗೆ ಸಿಗುತ್ತದೆ, ಚೌಕಾಸಿಗೂ ದಾರಿ ಇರುತ್ತದೆ.

ಈಗಿನ ಇನ್ನೊಂದು ಕಾಟ ರೀಲ್ಸ್. ಆಗಸ್ಟ್‌ನಲ್ಲಿ ಶೂಟ್ ಮಾಡಿದ ಜಲಪಾತ ನೋಡಿ ಮೇ ತಿಂಗಳಲ್ಲಿ ಹೊರಡುವವರು ತುಂಬಾ ಜನ. ಬೇಸಿಗೆಯ ಜೋಗದಲ್ಲಿ ಬಹುಮಟ್ಟಿಗೆ ಕಾಣುವುದು ಬಂಡೆ, ಶರಾವತಿಯ ನೀರೆಲ್ಲ ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ. ಫಾಲ್ಸ್ ನೋಡಬೇಕಿದ್ದರೆ ಜುಲೈವರೆಗೆ ಕಾಯಿರಿ. ಟ್ರೆಕ್ಕಿಂಗ್ ಕೂಡ ಅಷ್ಟೇ, ಕಾಡಿನ ಬೆಂಕಿ ಭಯಕ್ಕೆ ಬೇಸಿಗೆಯಲ್ಲಿ ಹಲವು ದಾರಿ ಮುಚ್ಚಿರುತ್ತಾರೆ. ಬೇಸಿಗೆಗೆ ಬೇಕಾಗಿರುವುದು ಎತ್ತರ ಮತ್ತು ನೆರಳು. ಕೆಮ್ಮಣ್ಣುಗುಂಡಿ, ಬಿಳಿಗಿರಿರಂಗನ ಬೆಟ್ಟ, ಮಡಿಕೇರಿಯ ಸುತ್ತಮುತ್ತ ಆಗುತ್ತದೆ. ಅಲ್ಲೂ ಮಧ್ಯಾಹ್ನ ಬಿಸಿಲು ಬಿಸಿಲೇ, ಬೆಳಿಗ್ಗೆ ಸಂಜೆ ಮಾತ್ರ ಹಿತ. ಹಂಪಿ? ಮಕ್ಕಳನ್ನು ಕರೆದುಕೊಂಡು ಮೇ ತಿಂಗಳಲ್ಲಂತೂ ಬೇಡ.

ಊಟಿಯೇ ಬೇಕು ಅನ್ನುವವರಿಗೆ ಒಂದು ಮಾತು. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ಊಟಿ, ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂದಿದೆ. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನ ಅಂತ ಮಿತಿಯನ್ನೂ ಹಾಕಿದ್ದರು. ಪಾಸಿಗೆ ದುಡ್ಡಿಲ್ಲ, ಆದರೆ ರೂಮ್ ಬುಕ್ ಮಾಡಿ ಆಮೇಲೆ ಪಾಸ್ ಹುಡುಕುವವರ ಪಾಡು ನೋಡಲಾಗದು. ಸರ್ಕಾರಿ ಬಸ್ಸಿಗೆ ಇದರ ರಗಳೆಯೇ ಇಲ್ಲ. ಮೈಸೂರಿನಿಂದ ಬಸ್ ಹತ್ತಿ ಸುಮ್ನೆ ಹೋಗಿಬನ್ನಿ. ಕಾರಲ್ಲೇ ಹೋಗುವುದಾದರೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಅನ್ನುವುದು ನೆನಪಿರಲಿ.

ಈಗ ಗಾಡಿ ವಿಷಯ. ನಮ್ಮ ಕಸುಬಿನಲ್ಲಿ ಗಿರಾಕಿಗೆ ಸರಿಯಾಗಿ ಬಿಡಿಸಿ ಹೇಳದ ಲೆಕ್ಕ ಇದೇ. ಟೆಂಪೋ ಟ್ರಾವೆಲರ್ ಅಥವಾ ಇನ್ನೋವಾ ಬಾಡಿಗೆಗೆ ತಗೊಂಡರೆ ನೀವು ಓಡಿಸಿದಷ್ಟಕ್ಕೆ ಮಾತ್ರ ಕೊಡುವುದಲ್ಲ, ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಇರುತ್ತದೆ, ಸಾಮಾನ್ಯವಾಗಿ 250 ಅಥವಾ 300. ಮೈಸೂರಿನಿಂದ ಚಿಕ್ಕಮಗಳೂರಿಗೆ ಹೋಗಿಬರುವುದು, ಅಲ್ಲಿನ ಸುತ್ತಾಟ ಎಲ್ಲ ಸೇರಿ 450 ಕಿ.ಮೀ. ಅಂದುಕೊಳ್ಳಿ. ಮೂರು ದಿನಕ್ಕೆ ಬಿಲ್ ಆಗುವುದು 750ಕ್ಕೆ. ಕಿಲೋಮೀಟರಿಗೆ 20 ರೂಪಾಯಿ ಹಿಡಿದರೂ ಓಡದ ದಾರಿಗೆ 6,000 ಹೋಯಿತು! ದಿನದ ಲೆಕ್ಕ ಕೂಡ ಸಾಮಾನ್ಯವಾಗಿ ನಡುರಾತ್ರಿಯಿಂದ ನಡುರಾತ್ರಿಗೆ, ಹಾಗಾಗಿ ರಾತ್ರಿ ಹತ್ತಕ್ಕೆ ಹೊರಟರೆ ಆ ಎರಡು ಗಂಟೆಗೂ ಒಂದು ದಿನ. ಮೇಲೆ ಡ್ರೈವರ್ ಬಾಟಾ, ಟೋಲ್, ಹೊರರಾಜ್ಯವಾದರೆ ಪರ್ಮಿಟ್. ಒಂದೇ ಕಡೆ ಮೂರು ದಿನ ಇರುವವರಿಗೆ ಇಡೀ ಪ್ರವಾಸಕ್ಕೆ ಗಾಡಿ ಯಾಕೆ ಬೇಕು? ಬಸ್ಸೋ ರೈಲೋ ಹಿಡಿದು ಊರು ಸೇರಿ, ಸುತ್ತುವ ಒಂದು ದಿನಕ್ಕೆ ಮಾತ್ರ ಅಲ್ಲಿನ ಜೀಪೋ ಟ್ಯಾಕ್ಸಿಯೋ ಗೊತ್ತು ಮಾಡಿ. ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶಕ್ತಿ ಯೋಜನೆ ಇದ್ದೇ ಇದೆ. ಅಜ್ಜಿ, ಅಮ್ಮ, ಮಗಳು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಟಿಕೆಟ್ ದುಡ್ಡು ಅಪ್ಪನಿಗೆ ಮಾತ್ರ. ರಾಜಹಂಸ, ಐರಾವತಕ್ಕೆ ಇದು ನಡೆಯುವುದಿಲ್ಲ.

ರೈಲಿಗೆ ಈಗ 60 ದಿನ ಮುಂಚೆ ಮಾತ್ರ ಬುಕಿಂಗ್. 2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು. ಪ್ರಯಾಣದ ದಿನ ಬಿಟ್ಟು ಎಣಿಸಬೇಕು, ಮೇ 5ರ ಟಿಕೆಟ್ ಮಾರ್ಚ್ 6ರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ತಪ್ಪಿಹೋದರೆ ಬೇಸಿಗೆ ವಿಶೇಷ ರೈಲುಗಳ ಮೇಲೆ ಕಣ್ಣಿಡಿ. ಅವನ್ನು ತಡವಾಗಿ ಘೋಷಿಸುವುದರಿಂದ ಎಷ್ಟೋ ಸಲ ಸೀಟು ಸಿಗುತ್ತದೆ, ದರ ಮಾತ್ರ ಸ್ವಲ್ಪ ಮೇಲೆ.

ಹೋಂಸ್ಟೇ ಅಗ್ಗ ಅನ್ನುವ ನಂಬಿಕೆಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಕೊಡಗು, ಚಿಕ್ಕಮಗಳೂರಿನ ಕಡೆ ಹೋಂಸ್ಟೇಗಳಲ್ಲಿ ಸಾಮಾನ್ಯವಾಗಿ ತಲೆಗಿಷ್ಟು ಅಂತ ರೇಟು, ಊಟ ಸೇರಿ. ಹೋಟೆಲಿನಲ್ಲಿ ರೂಮಿಗಿಷ್ಟು. ಗಂಡ ಹೆಂಡತಿ, ಇಬ್ಬರು ಸಣ್ಣ ಮಕ್ಕಳಾದರೆ ಪೇಟೆಯ ಸಾಧಾರಣ ಹೋಟೆಲ್ಲೇ ಅಗ್ಗ ಬೀಳಬಹುದು. ಹೊಟ್ಟೆ ತುಂಬಾ ಉಣ್ಣುವ ಹುಡುಗರ ಗುಂಪಿಗೆ ಹೋಂಸ್ಟೇನೇ ಲಾಭ, ಅಲ್ವಾ? ರೂಮಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗೆ ಶೇ. 5, ಅದು ದಾಟಿದರೆ ಶೇ. 18. ಅಂದರೆ 7,600ರ ರೂಮಿಗೆ ಕೊಡಬೇಕಾಗುವುದು 8,968. ನೂರು ರೂಪಾಯಿ ಇಳಿಸಿ ಅಂತ ಕೇಳಿ ನೋಡಿ, 7,875ಕ್ಕೆ ಮುಗಿಯುತ್ತದೆ.

ಪ್ರವಾಸಕ್ಕೆ ಇಎಂಐ ಕೊಡುತ್ತೇವೆ ಅಂತ ಬರುವ ಮೆಸೇಜುಗಳನ್ನು ಓದದೆ ಅಳಿಸಿ. ಅಡ್ವಾನ್ಸ್ ಕಳಿಸುವ ಮುಂಚೆ ಮಾತ್ರ ಮಕ್ಕಳಿಗೆ ಎಷ್ಟು, ಎಕ್ಸ್‌ಟ್ರಾ ಹಾಸಿಗೆಗೆ ಎಷ್ಟು, ರದ್ದು ಮಾಡಿದರೆ ಎಷ್ಟು ವಾಪಸ್ ಅನ್ನುವುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ "ಅಡ್ಜಸ್ಟ್ ಮಾಡೋಣ ಬನ್ನಿ ಸಾರ್" ಅಂದರೆ, ಎಷ್ಟಕ್ಕೆ ಅಂತ ಆಗಲೇ ಕೇಳಿಬಿಡಿ.