ಒರಗಿ ಕೂರುವ ಟ್ರೈಕ್‌ಗೆ ಎರಡು ಅಳತೆ

ಒರಗಿ ಕೂತು ತುಳಿಯುವ ಮೂರು ಚಕ್ರದ ಸೈಕಲ್, ಅಂದರೆ ರಿಕಂಬೆಂಟ್ ಟ್ರೈಕ್, ಮೊದಲ ಸಲ ಕೊಳ್ಳುವವರು ಹೆಚ್ಚಾಗಿ ನೋಡುವುದು ತೂಕ, ಗೇರು, ಬಣ್ಣ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಎರಡು ಅಳತೆ. ಸೀಟಿನಿಂದ ಪೆಡಲ್ ಎಷ್ಟು ದೂರ ಇದೆ, ಮುಂದಿನ ಎರಡು ಚಕ್ರ ಎಷ್ಟು ನೇರ ಇವೆ. ಇವೆರಡು ಕೆಟ್ಟರೆ ಎಂಥ ಟ್ರೈಕ್ ಆದರೂ ಮೂಲೆ ಸೇರುತ್ತದೆ.

ಮುಂದೆ ಎರಡು, ಹಿಂದೆ ಒಂದು ಚಕ್ರ ಇರುವುದು ಟ್ಯಾಡ್‌ಪೋಲ್. ಗೊದಮೊಟ್ಟೆಯ ಹಾಗೆ ಮುಂದೆ ಅಗಲ, ಹಿಂದೆ ಸಪೂರ. ಮುಂದೆ ಒಂದು, ಹಿಂದೆ ಎರಡು ಇದ್ದರೆ ಡೆಲ್ಟಾ. ಡೆಲ್ಟಾದ ಸೀಟು ಸಾಮಾನ್ಯವಾಗಿ ಎತ್ತರ, ಕೂರುವುದು ಏಳುವುದು ಸುಲಭ. ಆದರೆ ಒಂದು ವಿಷಯ: ಟ್ರೈಕ್ ತಿರುವಿನಲ್ಲಿ ಸೈಕಲ್ ಹಾಗೆ ವಾಲುವುದಿಲ್ಲ, ನೆಟ್ಟಗೇ ಇರುತ್ತದೆ, ಹಾಗಾಗಿ ಜೋರಾಗಿ ತಿರುಗಿಸಿದರೆ ಒಳಬದಿಯ ಚಕ್ರ ನೆಲ ಬಿಟ್ಟು ಏಳಲು ನೋಡುತ್ತದೆ. ಭಾರ ಕೆಳಗಿದ್ದಷ್ಟೂ, ಚಕ್ರಗಳ ನಡುವೆ ಅಗಲ ಜಾಸ್ತಿ ಇದ್ದಷ್ಟೂ ಈ ಭಯ ಕಡಿಮೆ. ವೇಗ ಇಷ್ಟಪಡುವವರಿಗೆ ನಾನು ತಗ್ಗಾದ ಟ್ಯಾಡ್‌ಪೋಲನ್ನೇ ಹೇಳುತ್ತೇನೆ.

ಒರಗಿ ಕೂತರೆ ಗಾಳಿಯ ತಡೆ ಕಡಿಮೆ, ಅದು ನಿಜ. 1933ರಲ್ಲಿ ಫ್ರೆಂಚ್ ಸೈಕಲ್ ಸವಾರ ಫ್ರಾನ್ಸಿಸ್ ಫೋರ್ ಇಂಥದೇ ಭಂಗಿಯ ಎರಡು ಚಕ್ರದ ಸೈಕಲ್‌ನಲ್ಲಿ ಒಂದು ಗಂಟೆಯಲ್ಲಿ 45 ಕಿ.ಮೀ. ದಾಟಿದ್ದರು, ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅಂಥ ಸೈಕಲ್‌ಗಳನ್ನು ರೇಸ್‌ನಿಂದ ಹೊರಗಿಟ್ಟಿತು. ಆದರೆ ಆರಂಭದ ಮಟ್ಟದ ಟ್ರೈಕ್ 15–20 ಕಿಲೋ ತೂಗುತ್ತದೆ, ಏರಿನಲ್ಲಿ ನಿಧಾನ. ಎದ್ದು ನಿಂತು ತುಳಿಯಲೂ ಆಗುವುದಿಲ್ಲ. ಆದರೂ ನಿಧಾನ ಹೋದಾಗ ಬೀಳುವ ಭಯ ಇಲ್ಲವಲ್ಲ, ಸಣ್ಣ ಗೇರು ಹಾಕಿ ನಡಿಗೆಯ ವೇಗದಲ್ಲೇ ಹತ್ತಬಹುದು. ಕೊಳ್ಳುವಾಗ ಆ ಸಣ್ಣ ಗೇರು ಇದೆಯಾ ನೋಡಿ.

ಈಗ ಮೊದಲ ಅಳತೆ. ಪೆಡಲ್ ಇರುವ ಮುಂದಿನ ಕೊಳವೆಗೆ ಬೂಮ್ ಅನ್ನುತ್ತಾರೆ, ಅದನ್ನು ಹಿಂದೆ ಮುಂದೆ ಸರಿಸಬಹುದು. ಬೆನ್ನು ಸೀಟಿಗೆ ಪೂರ್ತಿ ತಾಗಿಸಿ, ದೂರದ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಬಾಗಿರುತ್ತದೆ. ತೀರಾ ಹತ್ತಿರ ಇದ್ದರೆ ಮಂಡಿ ನೋಯುತ್ತದೆ, ತೀರಾ ದೂರ ಇದ್ದರೆ ಸೊಂಟ ಆಚೀಚೆ ಜಾರುತ್ತದೆ. ಬೂಮ್ 1 ಸೆಂ.ಮೀ. ಮುಂದೆ ಹೋದರೆ ಮೇಲೊಂದು ಕೆಳಗೊಂದು ಎಳೆ ಸೇರಿ ಚೈನ್ ಸುಮಾರು 2 ಸೆಂ.ಮೀ. ಜಾಸ್ತಿ ಬೇಕು, ಅದನ್ನು ಮರೆಯಬೇಡಿ.

ಎರಡನೆಯದು ಟೋ-ಇನ್, ಅಂದರೆ ಮುಂದಿನ ಎರಡು ಚಕ್ರಗಳು ಮುಂಬದಿಯಲ್ಲಿ ಚೂರು ಒಳಕ್ಕೆ ತಿರುಗಿರುವುದು. ಮುಂದಿನ ಎರಡು ಚಕ್ರಗಳ ನಡುವಿನ ದೂರವನ್ನು ಅಚ್ಚಿನ ಎತ್ತರದಲ್ಲಿ ಮುಂಬದಿ ಒಮ್ಮೆ, ಹಿಂಬದಿ ಒಮ್ಮೆ ಅಳೆಯಿರಿ. ಮುಂಬದಿ 1–2 ಮಿ.ಮೀ. ಕಡಿಮೆ ಇದ್ದರೆ ಸಾಕು. ಟೈರ್ ಮೇಲೆ ಗುರುತು ಮಾಡಿ, ಅರ್ಧ ಸುತ್ತು ಉರುಳಿಸಿ, ಎರಡೂ ಸಲ ಅದೇ ಗುರುತಿನಿಂದ ಅಳೆದರೆ ರಿಮ್‌ನ ಸೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟು ಹಟ ಯಾಕೆ ಅಂದರೆ, ಅರ್ಧ ಮೀಟರ್ ವ್ಯಾಸದ ಚಕ್ರಕ್ಕೆ ಈ ವ್ಯತ್ಯಾಸ 5 ಮಿ.ಮೀ. ಆದರೂ ಪ್ರತಿ ಟೈರ್ 1 ಕಿ.ಮೀ.ಗೆ 5 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋದ ಹಾಗೆ! ಟೈರೂ ಸವೆಯುತ್ತದೆ, ನಿಮ್ಮ ಶಕ್ತಿಯೂ ಪೋಲು. ಹ್ಯಾಂಡಲ್‌ಗೆ ಸೇರಿದ ಅಡ್ಡಕಡ್ಡಿ ತಿರುಗಿಸಿದರೆ ಇದು ಸರಿಹೋಗುತ್ತದೆ.

ಕಾಲಿನ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ಓಡುವಾಗ ಪಾದ ಪೆಡಲಿನಿಂದ ಜಾರಿ ನೆಲಕ್ಕೆ ತಾಗಿದರೆ ಟ್ರೈಕ್ ಅದರ ಮೇಲೇ ಹರಿದು ಕಾಲು ಹಿಂದಕ್ಕೆ ಸೆಳೆಯುತ್ತದೆ, ಮೂಳೆ ಮುರಿಯಬಹುದು. ಹಿಮ್ಮಡಿ ಹಿಡಿಯುವ ಪಟ್ಟಿ ಅಥವಾ ಬೂಟು ಕಚ್ಚಿಕೊಳ್ಳುವ ಪೆಡಲ್ ಹಾಕಿಸಿಕೊಂಡೇ ಮೊದಲ ಸವಾರಿಗೆ ಹೊರಡಿ.