ಜ್ವರ ಬಿಟ್ಟ ಮೇಲಿನ ಎರಡು ದಿನ

"ಜ್ವರ ಬಿಟ್ಟಿದೆ ಡಾಕ್ಟ್ರೇ, ಸುಸ್ತೊಂದೇ." ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಡೆಂಗಿ ರೋಗಿಯನ್ನು ತಡವಾಗಿ ಕರೆತಂದ ಮನೆಯವರು ಮೊದಲು ಹೇಳುವ ಮಾತು ಇದು. ಮೂರು ದಿನ ಮೈ ಸುಡುತ್ತಿದ್ದಾಗ ಪಕ್ಕದಲ್ಲೇ ಕೂತು ಬಟ್ಟೆ ಒದ್ದೆ ಮಾಡಿ ಹಣೆಗೆ ಹಾಕಿದವರು, ಕಾವು ಇಳಿದ ದಿನವೇ ತೋಟದ ಕೆಲಸಕ್ಕೆ ಹೋಗಿರುತ್ತಾರೆ. ಪ್ರೀತಿಗೆ ಕೊರತೆ ಇಲ್ಲ, ಕಾಯುವ ದಿನವೇ ತಪ್ಪಿಹೋಗುತ್ತದೆ.

ಡೆಂಗಿಯ ಅಪಾಯ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಕಾವು ಇಳಿಯುತ್ತದೆ. ಅಲ್ಲಿಂದ ಮುಂದಿನ 24ರಿಂದ 48 ಗಂಟೆ ಕೆಲವರಲ್ಲಿ ಸಣ್ಣ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊರಗೆ ಸೋರಿ ಹೊಟ್ಟೆಯಲ್ಲಿ, ಎದೆಗೂಡಿನಲ್ಲಿ ತುಂಬಿಕೊಳ್ಳುತ್ತದೆ. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ನಾಡಿ ಓಡುತ್ತದೆ, ಬಿಪಿ ಕುಸಿಯುತ್ತದೆ. ಬಹುಪಾಲು ಜನಕ್ಕೆ ಇದು ಆಗುವುದಿಲ್ಲ, ಮನೆಯಲ್ಲೇ ಸುಧಾರಿಸಿಕೊಳ್ಳುತ್ತಾರೆ. ಆದರೆ ಯಾರಿಗೆ ಆಗುತ್ತದೆಂದು ಮೊದಲ ದಿನವೇ ಹೇಳಲು ಯಾವ ವೈದ್ಯರಿಗೂ ಬರುವುದಿಲ್ಲ.

ಕಾಯುವುದೆಂದರೆ ಏನು ನೋಡಬೇಕು? ಮೊದಲು ಮೂತ್ರ. ಆರು ಗಂಟೆಗೆ ಒಮ್ಮೆಯಾದರೂ ಹೋಗಬೇಕು. ಹೋಗದಿದ್ದರೆ, ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಹೊರಡಿ. ಆಮೇಲೆ ಉಗುರು. ರೋಗಿಯ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಬೆರಳಿನ ಉಗುರನ್ನು ಐದು ಸೆಕೆಂಡು ಒತ್ತಿ ಬಿಡಿ. ಬಿಳಿಚಿದ ಉಗುರಿಗೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಆಗುಂಬೆಯ ಜುಲೈ ಚಳಿಗೆ ಆರೋಗ್ಯವಂತರ ಕೈಯೂ ತಣ್ಣಗಿರುತ್ತದೆ, ಹಾಗಾಗಿ ಕಂಬಳಿಯೊಳಗೆ ಕೈ ಬೆಚ್ಚಗಾದ ಮೇಲೆ ಒತ್ತಿ ನೋಡಿ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ಮೂಗಿನಲ್ಲಿ ರಕ್ತ, ಕಪ್ಪು ಮಲ, ಎದ್ದು ನಿಂತರೆ ಕಣ್ಣು ಕತ್ತಲೆ, ಮಗು ಮಂಕಾಗಿ ಮಲಗೇ ಇರುವುದು ಅಥವಾ ಸುಮ್ಮನೆ ರಚ್ಚೆ ಹಿಡಿಯುವುದು: ಇವುಗಳಲ್ಲಿ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬೇಡಿ. ಗರ್ಭಿಣಿಯರು, ಎಳೆ ಮಕ್ಕಳು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಜ್ವರದ ಮೊದಲ ದಿನವೇ ತೋರಿಸಿಕೊಳ್ಳುವುದು ಒಳ್ಳೆಯದು.

ಪ್ಲೇಟ್‌ಲೆಟ್ ಲೆಕ್ಕ ಎಲ್ಲರಿಗೂ ಬಾಯಿಪಾಠ. ಒಂದೂವರೆ ಲಕ್ಷದಿಂದ ಎಂಬತ್ತು ಸಾವಿರಕ್ಕೆ ಬಂತೆಂದು ಪಪ್ಪಾಯಿ ಸೊಪ್ಪು ಹುಡುಕಿಕೊಂಡು ಹೋಗುತ್ತಾರೆ. ಅದೇ ಚೀಟಿಯಲ್ಲಿ ಎಚ್‌ಸಿಟಿ ಅಥವಾ ಪಿಸಿವಿ ಎಂಬ ಇನ್ನೊಂದು ಸಾಲು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವುದು ಆ ಸಾಲು. ಮೊದಲ ದಿನ 40 ಇದ್ದದ್ದು 48 ಆಯಿತೆಂದರೆ ಶೇಕಡ 20 ಏರಿದೆ, ಸೋರಿಕೆ ಜೋರಾಗಿದೆ ಎಂದರ್ಥ. ಹೋಲಿಸಿ ನೋಡಲು ಮೊದಲ ದಿನದ ಚೀಟಿ ಬೇಕೇ ಬೇಕು. ದಯವಿಟ್ಟು ಅದನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ರಕ್ತಸ್ರಾವ ಇಲ್ಲದವರಿಗೆ ಪ್ಲೇಟ್‌ಲೆಟ್ ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ನೋಡುವ ವೈದ್ಯರು ತೀರ್ಮಾನಿಸಲಿ, ಒತ್ತಾಯ ಮಾಡಬೇಡಿ.

ಮೆಡಿಕಲ್ ಶಾಪಿನ "ಮೈಕೈ ನೋವಿನ ಮಾತ್ರೆ"ಯ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತ ಒಸರಿಸಬಲ್ಲವು, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲವು. ಹೃದಯಕ್ಕೆಂದು ಆಸ್ಪಿರಿನ್ ನುಂಗುತ್ತಿರುವವರು ಮಾತ್ರ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ದೊಡ್ಡವರ ಜ್ವರಕ್ಕೆ ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ ಸಾಕು, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕು ಮೀರದಂತೆ. ಲಿವರ್ ತೊಂದರೆ ಇದ್ದವರು ಕೇಳಿಯೇ ತೆಗೆದುಕೊಳ್ಳಲಿ. ಮಾತ್ರೆ ನುಂಗಿ ಎರಡು ಗಂಟೆಗೆ ಥರ್ಮಾಮೀಟರ್ ಇಟ್ಟು ಜ್ವರ ಬಿಟ್ಟಿತು ಎನ್ನಬೇಡಿ. ಕಾವು ಇಳಿಸಿದ್ದು ಮಾತ್ರೆಯೂ ಆಗಿರಬಹುದು. ಕುಡಿಯಲು ಗಂಜಿತಿಳಿ, ಮಜ್ಜಿಗೆ, ಎಳನೀರು, ಅಥವಾ ಒಂದು ಲೀಟರ್ ನೀರಿಗೆ ದೊಡ್ಡ ಪೊಟ್ಟಣ ಪೂರ್ತಿ ಹಾಕಿದ ಓಆರ್‌ಎಸ್. ಲೋಟಕ್ಕೆ ಚಿಟಿಕೆ ಚಿಟಿಕೆ ಉದುರಿಸಿದರೆ ಪ್ರಮಾಣ ಕೆಡುತ್ತದೆ.

ಮಳೆ ಹೋಗಿ ಚಳಿ ಬಂದ ಮೇಲೂ ಇದೇ ತಪ್ಪು ಇನ್ನೊಂದು ರೋಗದಲ್ಲಿ ಆಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ ಕಾಣಿಸಿಕೊಳ್ಳುತ್ತದೆ, ದರಗು (ಉದುರಿದ ಒಣ ಎಲೆ) ಗುಡಿಸಲು ಬೆಟ್ಟಕ್ಕೆ ಹೋಗುವ ಕಾಲದಲ್ಲೇ. ಉಣುಗು (ಉಣ್ಣೆ ಹುಳ) ಕಚ್ಚಿ ಮೂರರಿಂದ ಎಂಟು ದಿನಕ್ಕೆ ಏಕಾಏಕಿ ಜ್ವರ, ತಲೆ ಸಿಡಿತ, ಸೊಂಟ ಮುರಿದಂಥ ನೋವು. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದವರಲ್ಲಿ ಶೇಕಡ 10ರಿಂದ 20 ಮಂದಿಗೆ ಅದು ಮರಳುತ್ತದೆ. ಈ ಸಲ ಜ್ವರದ ಜೊತೆ ಕೈ ನಡುಕ, ಕುತ್ತಿಗೆ ಬಿಗಿತ, ಅಸಂಬದ್ಧ ಮಾತು, ಕಣ್ಣು ಮಂಜು. ಇದನ್ನು ಬೇರೆ ಜ್ವರವೆಂದು ತಿಳಿದು ಹಳೆಯದನ್ನು ಹೇಳದೇ ಇದ್ದರೆ ವೈದ್ಯರಿಗೆ ದಾರಿ ತಪ್ಪುತ್ತದೆ. ಇದರ ಪರೀಕ್ಷೆ ಶಿವಮೊಗ್ಗದ ವಿಡಿಎಲ್‌ನಲ್ಲಿ, ಅಂದರೆ ವೈರಾಣು ಪತ್ತೆ ಪ್ರಯೋಗಾಲಯದಲ್ಲಿ, ಆಗುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕೊಟ್ಟರೆ ಕಳಿಸುತ್ತಾರೆ.

ಗದ್ದೆ ಕೆಲಸದವರ ಇಲಿ ಜ್ವರವೂ ನಡುವೆ ಬಿಟ್ಟು ಮರಳಬಹುದು. ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು ಎಂದಾದರೆ ಹಳದಿಯಾಗುವ ತನಕ ಕಾಯದೆ ಬನ್ನಿ. ಬೇಗ ಕೊಟ್ಟಷ್ಟೂ ಆಂಟಿಬಯೋಟಿಕ್ ಚೆನ್ನಾಗಿ ಕೆಲಸ ಮಾಡುತ್ತದೆ.

ಬರುವಾಗ ಒಂದು ಹಾಳೆಯಲ್ಲಿ ಬರೆದು ತನ್ನಿ: ಮೊದಲು ಮೈ ಬಿಸಿಯಾದ ತಾರೀಖು, ಕೊನೆಯ ಮಾತ್ರೆಯ ಹೆಸರು ಮತ್ತು ಹೊತ್ತು, ಕೊನೆಯ ಸಲ ಮೂತ್ರ ಹೋದ ಗಂಟೆ, ಕಳೆದ ತಿಂಗಳು ಕಾಡಿಗೋ ಗದ್ದೆಗೋ ಇಳಿದಿದ್ದರೆ ಅದು. ಮೇಲೆ ಹೇಳಿದ ಲಕ್ಷಣ ಸಂಜೆ ಕಂಡರೆ ಸಂಜೆಯೇ 108ಕ್ಕೆ ಫೋನ್ ಮಾಡಿ. ಘಟ್ಟದ ತಿರುವಿನ ರಸ್ತೆಯಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತಲುಪಲು ಹಿಡಿಯುವ ಹೊತ್ತು ಸಣ್ಣದಲ್ಲ, ಬೆಳಗಾಗಲಿ ಎಂದು ಕೂರಬೇಡಿ.